ಕೋಟ್ವೈಕ್ ಮರಳಿನ ಎರಡನೇ ಸಾಕ್ಷಿ

ಐತಪ್ಪನವರ ಜೊತೆ ಕೋಟ್ವೈಕ್ ಮರಳಿಗೆ ಹೋದ ಭಾನುವಾರಗಳನ್ನು ನಾನು ಎಣಿಸಿಲ್ಲ. ಎಣಿಸಿದರೆ ಸಿಟ್ಟು ಬರುತ್ತದೆ. ನೆದರ್‌ಲ್ಯಾಂಡ್ಸ್ ಎಂದರೆ ನೀರು, ಹುಲ್ಲು, ಹಸು ಎಂದು ನಂಬಿಕೊಂಡು ಮೈಸೂರಿನಿಂದ ಬಂದವನು ನಾನು. ಬಂದ ಎರಡನೇ ವರ್ಷ, ಅಂದರೆ ತೊಂಬತ್ತಾರರಲ್ಲಿ, ಈ ಮನುಷ್ಯ ನನ್ನನ್ನು ಕಾಡಿನ ನಡುವಿನ ಒಂದು ಮರಳುಗಾಡಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಕಣ್ಣು ಹಾಯಿಸಿದಷ್ಟೂ ಮರಳು, ಅಂಚಿನಲ್ಲಿ ಪೈನ್ ಮರಗಳು. ಗಾಳಿ ಎದ್ದರೆ ಹಲ್ಲಿನ ಸಂದಿಯಲ್ಲೂ ಮರಳು. ಕರೆದುಕೊಂಡು ಹೋದರು ಅಂದೆ, ಆದರೆ ಕಾರು ನನ್ನದು, ಪೆಟ್ರೋಲ್ ನನ್ನದು, ಹಾಳಾದ ನಿದ್ದೆಯೂ ನನ್ನದೇ.

ನಾವಿಬ್ಬರೂ ನೈಮೆಗನ್‌ನ ಒಂದು ಎಲೆಕ್ಟ್ರಾನಿಕ್ ಚಿಪ್ ಕಾರ್ಖಾನೆಯಲ್ಲಿದ್ದೆವು. ನಾನು ಕಂಪ್ಯೂಟರ್ ವಿಭಾಗ, ಅವರು ಯಂತ್ರಗಳ ದುರಸ್ತಿ. ನನಗಿಂತ ಹನ್ನೆರಡು ವರ್ಷ ದೊಡ್ಡವರು, ಕಾಪುವಿನ ಕಡೆಯವರು. ಮನೆಯಲ್ಲಿ ಹೆಂಡತಿ ಜಯಶೀಲಾ ಅವರ ಜೊತೆ ತುಳು, ನನ್ನ ಜೊತೆ ಕರಾವಳಿ ಕನ್ನಡ, ಡಚ್ಚರ ಜೊತೆ ಬರೀ ಮುಗುಳ್ನಗೆ. ಇಲ್ಲಿಗೆ ಬರುವ ಮೊದಲು ಎಂಟು ವರ್ಷ ಒಮಾನ್‌ನ ಮರುಭೂಮಿಯಲ್ಲಿ ಜನರೇಟರ್ ನೋಡಿಕೊಂಡಿದ್ದರು. ರಜೆಯ ದಿನ ಅಲ್ಲಿ ಮಾಡಲು ಬೇರೇನೂ ಇಲ್ಲದೆ ಹಕ್ಕಿ ನೋಡುವ ಹುಚ್ಚು ಹತ್ತಿಸಿಕೊಂಡರು. ನೋಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟರು. ಅಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರ್ ಅದನ್ನೆಲ್ಲ ಇವರ ಬಾಯಿಂದ ಕೇಳಿಕೊಂಡು, ತನ್ನ ಹೆಸರಿನಲ್ಲಿ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಇವರ ಬಗ್ಗೆ ಇದ್ದದ್ದು ‘ಒಬ್ಬ ಸಹಾಯಕನೊಂದಿಗೆ’ ಎಂಬ ಎರಡೇ ಪದ.

"ಎಂಟು ವರ್ಷದ್ದು ಮಾರಾಯ್ರೆ," ಎಂದು ಒಂದು ಸಲ ಕಾರಿನಲ್ಲಿ ಹೇಳಿದರು. "ಹೆಸರಾದ್ರೂ ಹಾಕ್ಬಹುದಿತ್ತು."

ಆ ಮಾತನ್ನು ಅವರು ಎರಡನೇ ಸಲ ಎತ್ತಲಿಲ್ಲ. ಆದರೆ ಅವರಿಗೆ ಏನು ಬೇಕಾಗಿದೆ ಎಂಬುದು ನನಗೆ ಅವತ್ತೇ ಗೊತ್ತಾಯಿತು. ಈ ದೇಶದಲ್ಲಿ ಅಪರೂಪದ ಹಕ್ಕಿ ಕಂಡವರು ವಿವರ ಬರೆದು ಒಂದು ಸಮಿತಿಗೆ ಕಳಿಸಬೇಕು. ಸಮಿತಿ ಒಪ್ಪಿದರೆ ವರ್ಷದ ಪಟ್ಟಿಯಲ್ಲಿ ಹಕ್ಕಿಯ ಹೆಸರು, ಜಾಗ, ದಿನಾಂಕ, ಪಕ್ಕದಲ್ಲಿ ಕಂಡವರ ಹೆಸರು ಅಚ್ಚಾಗುತ್ತದೆ. ಆ ಪಟ್ಟಿಯಲ್ಲಿ ಐತಪ್ಪ ಎಂದು ಒಂದು ಸಾಲು ಬರಬೇಕು. ಅಷ್ಟೇ. ತೊಂಬತ್ತೆಂಟರ ಜೂನ್‌ಗೆ ಅವರ ಕೆಲಸದ ಪರವಾನಗಿ ಮುಗಿಯುತ್ತಿತ್ತು. ಅಷ್ಟರೊಳಗೆ ಆಗಬೇಕು.

ಅವರ ಕ್ರಮ ಹೀಗಿತ್ತು. "ನಡು ಮರಳಲ್ಲಿ ಎಂತ ಹುಡುಕ್ತೀರಿ? ಅಂಚು ನೋಡಿ," ಅನ್ನುತ್ತಿದ್ದರು. ಮರಳು ಮುಗಿದು ಕುರುಚಲು ಹುಲ್ಲು ಶುರುವಾಗುವಲ್ಲಿ ಹುಳಹುಪ್ಪಟೆ ಇರುತ್ತವೆ. ಅಲ್ಲೊಂದು ಬಿದ್ದ ಮರದ ದಿಮ್ಮಿ ಇದ್ದರೆ ಹಕ್ಕಿ ಅದರ ಮೇಲೆ ಬಂದು ಕೂರುತ್ತದೆ. ಎರಡು ದಿನ ದಕ್ಷಿಣದ ಗಾಳಿ ಬೀಸಿದ ಮೇಲೆ ಹೋಗಬೇಕು. ಬಿಸಿಲಿಗೆ ಬೆನ್ನು ಹಾಕಿ ಕೂರಬೇಕು. ಹಕ್ಕಿಯ ಹಿಂದೆ ಓಡಬಾರದು, ಅದೇ ಬರುತ್ತದೆ. ಬರುತ್ತಿರಲಿಲ್ಲ, ಅದು ಬೇರೆ ಮಾತು. ಎರಡು ವಸಂತಗಳಲ್ಲಿ ನಾನು ಕಂಡದ್ದು ಆ ಮರಳಿನಲ್ಲಿ ಎಲ್ಲರಿಗೂ ಕಾಣುವ ಸಾಮಾನ್ಯ ವೀಟಿಯರ್ ಎಂಬ ಪುಟ್ಟ ಹಕ್ಕಿಯನ್ನು ಮಾತ್ರ. ಹಾರಿದಾಗ ಅದರ ಬಾಲದ ಎರಡೂ ಬದಿ ಬೆಳ್ಳಗೆ ಮಿಂಚುತ್ತದೆ. ಅದು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಹಕ್ಕಿ ಬಾರದಿದ್ದರೆ ತಾಳಿಕೊಳ್ಳಬಹುದು. ಬಂದ ಹಕ್ಕಿಯನ್ನು ಈ ಮನುಷ್ಯ ಕೈಯಾರೆ ಬಿಟ್ಟುಕೊಡುತ್ತಿದ್ದದ್ದನ್ನು ನೋಡಲು ಆಗುತ್ತಿರಲಿಲ್ಲ. ಆ ಭಾಗದ ವರದಿಗಳನ್ನು ಸಮಿತಿಗಾಗಿ ಸೇರಿಸುತ್ತಿದ್ದವನು ಯಾಪ್ ಎಂಬ ಶಾಲಾ ಮೇಷ್ಟ್ರು. ತೊಂಬತ್ತೇಳರ ಮೇ ತಿಂಗಳಲ್ಲಿ ಐತಪ್ಪನವರು ನನ್ನ ಕಣ್ಣಿಗೆ ಬೀಳದ ಒಂದು ಅಪರೂಪದ ಹಕ್ಕಿಯನ್ನು ನೋಡಿ, ತಮ್ಮ ಹರಕು ಇಂಗ್ಲಿಷಿನಲ್ಲಿ ಅಲ್ಲೇ ಸಿಕ್ಕ ಯಾಪ್‌ಗೆ ಹೇಳಿದರು. ಖಚಿತವೇ ಎಂದು ಅವನು ಕೇಳಿದ. ಇವರು ತಲೆ ತಗ್ಗಿಸಿ, ನನ್ನ ಕಣ್ಣು ತಪ್ಪಿರಬಹುದು, ನಿಮಗೇ ಹೆಚ್ಚು ಗೊತ್ತು ಅಂದುಬಿಟ್ಟರು. ಯಾಪ್ ತಲೆಯಾಡಿಸಿ ಪುಸ್ತಕ ಮುಚ್ಚಿದ. ಡಚ್ಚರಿಗೆ ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ.

"ಅತಿ ವಿನಯ ಧೂರ್ತ ಲಕ್ಷಣ ಅಂತಾರೆ ಐತಪ್ಪನೋರೆ," ಎಂದು ವಾಪಸು ಬರುವಾಗ ರೇಗಿದೆ. "ನೀವು ಧೂರ್ತರೂ ಅಲ್ಲ, ನಿಮಗೆ ಬರೀ ನಷ್ಟ. ನೋಡಿದೀನಿ ಅಂತ ಹೇಳೋಕೆ ಏನ್ರೀ ಕಷ್ಟ?"

"ದೊಡ್ಡ ಮಾತು ಯಾಕೆ?" ಅಂದರು, ಅಷ್ಟೇ.

ಆ ನವೆಂಬರ್‌ನಲ್ಲಿ, ಎರಡು ದಿನದ ದಕ್ಷಿಣ ಗಾಳಿಯ ನಂತರದ ಭಾನುವಾರ, ಹಕ್ಕಿ ಬಂತು. ಎರಡು ಗಂಟೆ ಚಳಿಯಲ್ಲಿ ಕೂತು ನನ್ನ ಕಾಲು ಮರಗಟ್ಟಿತ್ತು. ಕಾಫಿ ಕುಡಿದು ಬರುತ್ತೇನೆ ಎಂದು ನಾನು ಕಾರಿಗೆ ಹೋದೆ. ಫ್ಲಾಸ್ಕಿನ ಮುಚ್ಚಳ ತೆಗೆಯುವಾಗ ದೂರದ ದಿಬ್ಬದ ಮೇಲೆ ಐತಪ್ಪನವರು ಎರಡೂ ಕೈ ಬೀಸುತ್ತಿದ್ದದ್ದು ಕಂಡಿತು. ಮರಳಿನಲ್ಲಿ ಓಡುವುದು ಎಂದರೆ ಏನೆಂದು ಓಡಿದವರಿಗೇ ಗೊತ್ತು. ನಾನು ತಲುಪುವಷ್ಟರಲ್ಲಿ ಅಲ್ಲಿ ದಿಮ್ಮಿ ಇತ್ತು, ಹಕ್ಕಿ ಇರಲಿಲ್ಲ.

"ಮರುಭೂಮಿ ವೀಟಿಯರ್," ಅಂದರು. "ಒಮಾನಲ್ಲಿ ದಿನಾ ನೋಡ್ತಿದ್ದದ್ದು. ಹನ್ನೊಂದು ನಿಮಿಷ ಕೂತಿತ್ತು ಮಾರಾಯ್ರೆ. ಅದೇ ಅದು."

ಕತ್ತಲಾಗುವವರೆಗೆ ಹುಡುಕಿದೆವು, ಮತ್ತೆ ಕಾಣಲಿಲ್ಲ. ಅವರು ಅದನ್ನು ನೋಡುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದಿದ್ದರು: ಬೆನ್ನು ಒಣಹುಲ್ಲಿನ ಬಣ್ಣ, ಕತ್ತು ಕಪ್ಪು, ಹಾರಿದಾಗ ಬಾಲ ಬುಡದವರೆಗೂ ಪೂರ್ತಿ ಕಪ್ಪು. ಪುಟದ ಕೊನೆಗೆ, ‘ನನ್ನ ಅಂದಾಜು ತಪ್ಪಿದ್ದರೂ ಇರಬಹುದು’ ಎಂದು ಬೇರೆ.

ಫಾರಂ ತುಂಬುವ ಕೆಲಸ ನನ್ನದಾಯಿತು. ಅವರ ಕನ್ನಡವನ್ನು ಇಂಗ್ಲಿಷಿಗೆ ತಂದೆ, ಆ ಕೊನೆಯ ಸಾಲನ್ನು ಮಾತ್ರ ಬಿಟ್ಟೆ. ಕೊನೆಯ ಪುಟದಲ್ಲಿ ‘ಜೊತೆಗೆ ನೋಡಿದವರು’ ಎಂದು ಒಂದು ಖಾಲಿ ಜಾಗವಿತ್ತು. ಅಲ್ಲಿ ನನ್ನ ಹೆಸರು ಬರೆದೆ. ನನ್ನ ಹೆಂಡತಿ ಭಾನುಮತಿ ಹಿಂದೆ ನಿಂತು ನೋಡುತ್ತಿದ್ದಳು.

"ನೀವು ನೋಡೇ ಇಲ್ವಲ್ರೀ," ಅಂದಳು.

"ಅವರು ನೋಡಿದಾರಲ್ಲ, ಸಾಕು. ಗೊತ್ತಿರೋರಿಗೆ ಸಾಕ್ಷಿ ಹಾಕೋದು ತಪ್ಪಾ?" ಅಂದೆ. ನಮ್ಮಲ್ಲಿ ಬಾಡಿಗೆ ಕರಾರಿಗೆ, ಮದುವೆ ನೋಂದಣಿಗೆ ಕೇಳಿದವರಿಗೆಲ್ಲ ನಾನು ಸಾಕ್ಷಿ ಹಾಕಿದವನೇ. ಐತಪ್ಪನವರು ನನ್ನನ್ನು ನಂಬಿ, ಓದದೆ ಸಹಿ ಹಾಕಿದರು.

ಡಿಸೆಂಬರ್‌ನಲ್ಲಿ ಯಾಪ್ ನನಗೆ ಫೋನ್ ಮಾಡಿದ. ನಿನ್ನ ಗೆಳೆಯನ ವಿವರ ಓದಿದೆ, ನೀನು ಕಂಡದ್ದನ್ನು ನಿನ್ನದೇ ಮಾತಿನಲ್ಲಿ ಹೇಳು ಅಂದ. ಫೋನ್ ಹಿಡಿದು ನಿಂತ ಆ ಗಳಿಗೆಯಲ್ಲಿ ನನ್ನೊಳಗಿನ ಹಳೆಯ ವಿದ್ಯಾರ್ಥಿ ಎದ್ದು ಕೂತ. ಪಕ್ಕದವನ ಪೇಪರ್ ನೋಡಿ ಬರೆದರೆ ಎರಡು ವಾಕ್ಯವನ್ನಾದರೂ ಬದಲಾಯಿಸಬೇಕು, ಇಲ್ಲದಿದ್ದರೆ ಮೇಷ್ಟ್ರು ಹಿಡಿಯುತ್ತಾರೆ. ಇವನೂ ಮೇಷ್ಟ್ರೇ. ಬೆನ್ನು, ಕತ್ತು ಎಲ್ಲ ಐತಪ್ಪನವರು ಬರೆದಂತೆಯೇ ಹೇಳಿ, ನಂಬಿಕೆ ಬರಲಿ ಎಂದು ಒಂದು ಮಾತು ಸೇರಿಸಿದೆ: ಹಾರಿದಾಗ ಬಾಲದ ಎರಡು ಬದಿ ಬೆಳ್ಳಗೆ ಮಿಂಚಿತು. ವಸಂತದಲ್ಲಿ ನೋಡಿದ್ದು ಕಣ್ಣ ಮುಂದೆ ಬಂದಿತ್ತು.

"ಬಿಳಿ? ಖಚಿತವೇ?" ಎಂದು ಯಾಪ್ ಕೇಳಿದ.

"ನೂರಕ್ಕೆ ನೂರು," ಅಂದೆ. ಐತಪ್ಪನವರಿಗೆ ಬಾರದ ಗಟ್ಟಿ ಮಾತು ನನಗೆ ಬರುತ್ತದೆ ಎಂದು ಒಳಗೊಳಗೇ ಹೆಮ್ಮೆಪಟ್ಟೆ.

ಮಾರ್ಚ್‌ನಲ್ಲಿ ಸಮಿತಿಯ ಪತ್ರ ಬಂತು. ಡಚ್‌ನಲ್ಲಿತ್ತು. ನನಗೆ ಓದಲು ಬರುತ್ತದೆಂದು ಐತಪ್ಪನವರು ಲಕೋಟೆಯನ್ನು ಒಡೆಯದೆ ನೇರ ನಮ್ಮ ಮನೆಗೆ ತಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಭಾನುಮತಿ ಕಾಫಿ ಇಟ್ಟಳು. ನಾನು ಪತ್ರ ಬಿಡಿಸಿ ಮೊದಲ ಸಾಲು ಓದಿ ಅದನ್ನು ಮೇಜಿನ ಮೇಲಿಟ್ಟೆ.

"ಓದಿ, ಓದಿ. ಎಂತ ಇದ್ರೂ ಓದಿ," ಅಂದರು.

ಓದಿದೆ. ದಾಖಲೆಯನ್ನು ಒಪ್ಪಲಾಗಿಲ್ಲ. ಮೊದಲ ವೀಕ್ಷಕರ ವಿವರ ಉತ್ತಮವಾಗಿದೆ, ಅದೊಂದೇ ಬಂದಿದ್ದರೆ ಒಪ್ಪಲು ಅಡ್ಡಿ ಇರಲಿಲ್ಲ. ಆದರೆ ಎರಡನೇ ವೀಕ್ಷಕರು ಬಾಲದಲ್ಲಿ ಬಿಳಿ ಕಂಡದ್ದಾಗಿ ಖಚಿತವಾಗಿ ಹೇಳಿದ್ದಾರೆ. ಮರುಭೂಮಿ ವೀಟಿಯರ್‌ಗೂ ಸಾಮಾನ್ಯ ವೀಟಿಯರ್‌ಗೂ ಇರುವ ಮುಖ್ಯ ವ್ಯತ್ಯಾಸವೇ ಅದು.

"ಎರಡನೆಯವರು ಯಾರು?" ಎಂದು ಐತಪ್ಪನವರು ಕೇಳಿದರು.

"ನಾನು."

"ನೀವು ಕಾರಲ್ಲಿದ್ರಿ ಅಲ್ವಾ?"

"ನಿಮಗೆ ಒಳ್ಳೇದಾಗ್ಲಿ ಅಂತ..." ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಎರಡು ವರ್ಷ ಅವರ ವಿನಯವನ್ನು ಬೈದಿದ್ದೆ. ಆ ವಿನಯದ ಸಾಲು ಪುಟದ ಕೊನೆಗೆ ಇದ್ದಿದ್ದರೂ ಅವರ ಹನ್ನೊಂದು ನಿಮಿಷಕ್ಕೆ ಏನೂ ಆಗುತ್ತಿರಲಿಲ್ಲವೇನೋ. ಅದನ್ನು ಮುಗಿಸಿದ್ದು ನನ್ನ ನೂರಕ್ಕೆ ನೂರು.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಪತ್ರವನ್ನು ತೆಗೆದುಕೊಂಡು, ತಮಗೆ ಬಾರದ ಭಾಷೆಯ ಸಾಲುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಮಡಿಚಿ ಜೇಬಿಗಿಟ್ಟರು.

"ನಾನು ಇವತ್ತೇ ಯಾಪ್‌ಗೆ ಬರೀತೀನಿ ಐತಪ್ಪನೋರೆ. ನಾನು ನೋಡಿರ್ಲಿಲ್ಲ, ಸುಳ್ಳು ಹೇಳ್ದೆ ಅಂತ ಬರೀತೀನಿ."

"ಬೇಡ," ಅಂದರು. "ಆ ಕಾಗದದಲ್ಲಿ ನನ್ನ ಸಹಿ ಉಂಟು. ಈಗ ನೀವು ಹಾಗೆ ಬರೆದ್ರೆ, ನಾನೇ ನಿಮ್ಮತ್ರ ಸುಳ್ಳು ಸಾಕ್ಷಿ ಹಾಕಿಸಿದ್ದು ಅಂತ ಆಗ್ತದೆ. ಹೀಗೇ ಬಿಟ್ರೆ ಕಣ್ಣು ತಪ್ಪಿದವ ಅಂತಾರೆ, ಅಷ್ಟೇ. ಅದು ಪರವಾಗಿಲ್ಲ."

ಕಾಫಿ ಪೂರ್ತಿ ಕುಡಿದು, ಭಾನುಮತಿಗೆ ಹೇಳಿ ಹೊರಟರು. ಜೂನ್‌ನಲ್ಲಿ ಗಂಡ ಹೆಂಡತಿ ಊರಿಗೆ ಹೋದರು. ಅವರು ಬೇಡವೆಂದರು, ಅದಕ್ಕೆ ಬರೆಯಲಿಲ್ಲ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ಆದರೆ ಅವತ್ತು ಅವರ ಬಾಯಿಂದ ‘ಬೇಡ’ ಎಂಬ ಮಾತು ಬಂದಾಗ ನನಗೆ ದುಃಖವಾಗಲಿಲ್ಲ. ಸದ್ಯ, ಬರೆಯುವುದು ತಪ್ಪಿತು ಎಂದು ಹಗುರವಾಯಿತು.