ಅವ್ವನಿಗೊಂದು ಕಲ್ಲಿನ ಮನೆ

ನೇಪಾಳಕ್ಕೆ ಹೋಗುತ್ತೇನೆ, ಟೂರಿನವರ ಹಂಗಿಲ್ಲದೆ ಬೆನ್ನಿಗೊಂದು ಚೀಲ ಹಾಕಿಕೊಂಡು ಬೆಟ್ಟದ ದಾರಿ ಹಿಡಿಯುತ್ತೇನೆ ಎಂದಾಗ ನಮ್ಮವ್ವ ಬೈಯಲಿಲ್ಲ. ಕೇಳಿದ್ದು ಒಂದೇ ಮಾತು, "ಅಲ್ಲಿ ಚಪ್ಪಟಿ ಕಲ್ಲು ಸಿಗತಾವೇನು?"

ನಮ್ಮ ಕಡೆ ಆನೆಗೊಂದಿಯ ಗುಡ್ಡ ಹತ್ತಿದವರು ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಮನೆ ಕಟ್ಟಿ ಬರುತ್ತಾರೆ. ಸ್ವಂತ ಮನೆಯಾಗಲಿ ಎಂಬ ಹಾರೈಕೆ. ಗಂಗಾವತಿಯ ಬಾಡಿಗೆ ಮನೆಗಳಲ್ಲೇ ಆಯುಷ್ಯ ಸವೆಸಿದ ಅವ್ವ ಅಂಥವು ಎಷ್ಟು ಕಟ್ಟಿದ್ದಾಳೋ. ಈಗ ಮೊಣಕಾಲು ಕೈಕೊಟ್ಟಿವೆ. "ಇಲ್ಲಿ ಗುಡ್ಡ ಸಣ್ಣವು, ದೇವರಿಗೆ ಕಂಡಿರಲಿಕ್ಕಿಲ್ಲ. ಅಲ್ಲಿ ನನ್ನ ಹೆಸರಿಲೆ ಒಂದು ಕಟ್ಟಿ ಬಾ," ಎಂದಳು. ತಮಾಷೆಯೆಂದುಕೊಂಡು ಮುಖ ನೋಡಿದೆ. ನಗು ಇರಲಿಲ್ಲ.

ಜೊತೆಗೆ ಬಂದವಳು ಪಕ್ಕದ ಮನೆಯ ಗೆಳತಿ. ಅವರ ಮನೆಯಲ್ಲಿ ದಖನಿ ಉರ್ದು ಮಾತು, ಹೀಗಾಗಿ ಹಿಂದಿಯ ಜವಾಬ್ದಾರಿ ಆಕೆಗೆ. ನಾನು ಹಿಂದಿಯಲ್ಲಿ ಏನು ಕೇಳಿದರೂ ಅಲ್ಲಿಯ ಜನ ನೀರು ತಂದುಕೊಡುತ್ತಿದ್ದರು. ಕೆಳಗಿನ ಊರುಗಳಲ್ಲಿ ಹಣೆ ತುಂಬ ಅಕ್ಕಿ ಕಲಸಿದ ಕೆಂಪು ಬೊಟ್ಟು. ಮೇಲೆ ಹೋದಂತೆ ಬಣ್ಣಬಣ್ಣದ ಪತಾಕೆ, ಉಪ್ಪು ಹಾಕಿದ ಚಹಾ. ಒಂದೇ ದಾರಿ, ಆದರೆ ನಮಸ್ಕಾರ ಹೇಳುವ ಮಾತೇ ಬದಲಾಗುತ್ತಿತ್ತು. ನನಗೆ ಎಲ್ಲವನ್ನೂ ಕೇಳಬೇಕು, ಗೆಳತಿಗೆ ಕೇಳಿ ಕೇಳಿ ಸಾಕಾಗಬೇಕು.

ಒಂದು ತಿರುವಿನಲ್ಲಿ ಎದೆಯೆತ್ತರದ, ಉದ್ದನೆಯ ಕಲ್ಲಿನ ಸಾಲು ಕಂಡಿತು. ಎಲ್ಲ ಚಪ್ಪಟೆ ಕಲ್ಲು, ಒಂದರ ಮೇಲೊಂದು.

"ಇಲ್ಲಿ ಇಷ್ಟು ಮಂದಿಗೆ ಮನಿ ಇಲ್ಲೇನವಾ," ಎಂದೆ.

ಗೆಳತಿಗೂ ಹಾಗೇ ಅನಿಸಿತ್ತು. ಸಾಲಿನ ತುದಿಯಿಂದ ಮೂರು ಕಲ್ಲು ಎತ್ತಿ ಅವ್ವನ ಮನೆ ಶುರು ಮಾಡಿದೆ. ಒಂದರ ಮೇಲೆ ಕೊರೆದ ಅಕ್ಷರಗಳಿದ್ದವು. ಚೆಂದ ಇದೆಯಲ್ಲ ಎಂದು ಅದನ್ನು ಹೊಸ್ತಿಲಿಗಿಟ್ಟೆ.

ಎದುರಿನ ಚಹಾದಂಗಡಿಯಿಂದ ಒಬ್ಬ ಹೆಂಗಸು ಓಡಿಬಂದಳು. ಆ ಕಲ್ಲನ್ನೆತ್ತಿ ಒರೆಸಿ, ಹಣೆಗೆ ಮುಟ್ಟಿಸಿ, ಮೊದಲಿದ್ದಲ್ಲೇ ಇಟ್ಟಳು. ಗೆಳತಿ ವಿಚಾರಿಸಿ ನನಗೆ ತಿಳಿಸಿದಳು. ಅದು ಮಂತ್ರ ಕೊರೆದ ಕಲ್ಲುಗಳ ಸಾಲು. ತೀರಿಹೋದವರ ಸಲುವಾಗಿ ಮನೆಯವರು ಕೊರೆಸಿ ಇಡುತ್ತಾರೆ. ನಾನು ಹೊಸ್ತಿಲಿಗಿಟ್ಟದ್ದು ಆಕೆಯ ಗಂಡನ ಕಲ್ಲು. ಭೂಕಂಪದಲ್ಲಿ ಮನೆ ಬಿದ್ದು ತೀರಿಕೊಂಡಿದ್ದನಂತೆ.

ಮುಖ ಎಲ್ಲಿಡಬೇಕೋ ತಿಳಿಯದೆ ಉಳಿದೆರಡು ಕಲ್ಲನ್ನೂ ಮರಳಿ ಸಾಲಿಗಿಟ್ಟು ಕೈಮುಗಿದೆ. ಆಕೆಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. ಗೆಳತಿ ಅವ್ವನ ಕಥೆಯನ್ನೆಲ್ಲ ಹೇಳಿದ ಮೇಲಂತೂ ಪ್ರಶ್ನೆಯ ಮೇಲೆ ಪ್ರಶ್ನೆ. ಬಾಗಿಲು ಯಾವ ಕಡೆ? ಒಲೆ ಎಲ್ಲಿ? ಬಿದ್ದರೆ ಮತ್ತೆ ಕಟ್ಟಬಹುದೇ? ಕೇಳುವುದರಲ್ಲಿ ಈಕೆ ನಿನಗಿಂತ ಒಂದು ಕೈ ಮೇಲೆ ಎಂದು ಗೆಳತಿ ನಕ್ಕಳು. ಆಮೇಲೆ ಆಕೆಯೇ ನಮ್ಮನ್ನು ಹಳ್ಳದ ದಂಡೆಗೆ ಕರೆದೊಯ್ದು ಬರಿಯ ಕಲ್ಲು ಆರಿಸಿಕೊಟ್ಟಳು. ನಾನು ಅವ್ವನದನ್ನು ಕಟ್ಟಿದೆ. ಪಕ್ಕದಲ್ಲಿ ಆಕೆಯೂ ಒಂದು ಕಟ್ಟಿ, ಅಲುಗಾಡಿಸಿ ನೋಡಿ, ಬಿಚ್ಚಿ, ಮತ್ತೆ ಕಟ್ಟಿದಳು. ಭೂಕಂಪದಲ್ಲಿ ಬಿದ್ದ ಮನೆ ಮತ್ತೆ ಎದ್ದಿರಲಿಲ್ಲ, ಆಕೆಯ ವಾಸ ಇನ್ನೂ ಅಂಗಡಿಯ ಹಿಂದಿನ ತಗಡಿನ ಮರೆಯಲ್ಲೇ.

ಊರಿಗೆ ಬಂದು ಅವ್ವನಿಗೆ ಫೋಟೊ ತೋರಿಸಿದೆ. ತನ್ನ ಮನೆಯನ್ನು ನೋಡಿ ತಲೆಯಾಡಿಸಿ, ಪಕ್ಕದ್ದು ಯಾರದೆಂದು ಕೇಳಿದಳು. ಎಲ್ಲ ಹೇಳಿದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಆ ಪಕ್ಕದ ಮನೆಯನ್ನೇ ಮತ್ತೊಮ್ಮೆ ನೋಡಿದಳು.

"ಬಾಡಿಗಿದಾದ್ರೂ ನನ್ನ ತಲಿಮ್ಯಾಲ ಮಾಳಗಿ ಐತಿ," ಎಂದಳು. "ಮೊದಲ ಆಕಿದಾಗ್ಲಿ."

ಆ ಭಾನುವಾರ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಆನೆಗೊಂದಿಗೆ ಹೊರಟು ನಿಂತಳು. ಗುಡ್ಡ ಹತ್ತಲಾಗಲಿಲ್ಲ. ಬುಡದಲ್ಲೇ ಕೂತು ಆಕೆಗೊಂದು ಮನೆ ಕಟ್ಟಿದಳು. ತನಗೆ ಕಟ್ಟಿಕೊಳ್ಳಲಿಲ್ಲ.