ಹಾರ ತೆರೆಯಬೇಡ ಎಂದು ಬರೆದವಳು

ಆದೋನಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ವಾಗೀಶನ ಫ್ಲೆಕ್ಸ್ ಅಂಗಡಿಯಿದೆ. ಊರಿನ ದೊಡ್ಡವರ ಮುಖಗಳೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿವೆ. ಅವನ್ನು ಕತ್ತರಿಸಿ, ಬೆಳಗಿಸಿ, ಜೋಡಿಸಿಟ್ಟವಳು ಪ್ರತಿಮಾ. ಮದ್ದಿಕೇರದ ಬೋರ್ಡ್ ಪೇಂಟರ್ ಒಬ್ಬರ ಮಗಳು. ಓದಿದ್ದು ತೆಲುಗಿನಲ್ಲಿ, ಜಗಳಕ್ಕೆ ನಿಂತರೆ ಬಾಯಿಗೆ ಬರುವುದು ಕನ್ನಡ.

ಇಂಥ ಅಂಗಡಿಗಳಲ್ಲಿ ಹೊರಗೆ ಹೇಳದ ಪದ್ಧತಿಯೊಂದಿದೆ. ವಯಸ್ಸಾದ ಗಣ್ಯರ ಫೋಟೊ ಫೈಲಿನಲ್ಲಿ ಹೂವಿನ ಹಾರ, ದೀಪವನ್ನು ಫೋಟೊ ಮೇಲೆ ಬೇರೊಂದು ಪದರವಾಗಿ ಮೊದಲೇ ಕೂರಿಸಿ, ಆ ಪದರವನ್ನು ಕಾಣದಂತೆ ಮುಚ್ಚಿಡುತ್ತಾರೆ. ಸಾವಿನ ಸುದ್ದಿ ಬಂದ ಗಳಿಗೆಗೇ ಜನ ಬ್ಯಾನರ್ ಕೇಳುತ್ತಾರಲ್ಲ, ಅದಕ್ಕೆ.

ಅಂಗಡಿಯ ವಿನ್ಯಾಸದ ಸಾಫ್ಟ್‌ವೇರ್ ಹೈದರಾಬಾದಿನ ಒಂದು ಕಂಪನಿಯದು. ಬಾಯಲ್ಲಿ ಆರ್ಡರ್ ಹೇಳಿದರೆ ಸಾಕು, ಎಐ ಏಜೆಂಟ್ ತಾನೇ ಬಟನ್ ಒತ್ತಿ ಬ್ಯಾನರ್ ಮಾಡುವಂತಾಗಬೇಕು ಎಂದು ಕಂಪನಿ ಹೊರಟಿತು. ಯಾವ ಬಟನ್ ಏನು ಮಾಡುತ್ತದೆ, ಯಾವಾಗ ಒತ್ತಬಾರದು ಎಂದು ಏಜೆಂಟ್ ಓದಿಕೊಳ್ಳಲು ಒಂದು ಕೈಪಿಡಿ ಬೇಕಿತ್ತು. ಬರೆದುಕೊಡು, ನಿನ್ನ ಹೆಸರನ್ನೂ ಹಾಕುತ್ತೇವೆ ಎಂದು ಪ್ರತಿಮಾಳನ್ನು ಕೇಳಿದರು. ಆಕೆ ಒಪ್ಪಿದ್ದೇ ಹೆಸರಿಗಾಗಿ. ಅಪ್ಪ ಬರೆದ ಬೋರ್ಡುಗಳಲ್ಲಿ ಒಂದರ ಮೇಲೂ ಅಪ್ಪನ ಹೆಸರಿರಲಿಲ್ಲ.

ಮುಚ್ಚಿದ ಪದರದ ಭಾಗದಲ್ಲಿ ಆಕೆ ಹೀಗೆ ಬರೆದಳು: “ನಮ್ಮ ಕಡೆ ಬದುಕಿರುವವರ ಫೈಲಿನಲ್ಲೂ ಹಾರ ಇರುತ್ತದೆ. ಫೋಟೊಗೆ ಹಾರವೆಂದರೆ ಆ ವ್ಯಕ್ತಿ ಈಗಿಲ್ಲ ಎಂದರ್ಥ. ಮನುಷ್ಯರನ್ನು ಕೇಳದೆ ತೆರೆಯಬೇಡ.”

ಕಂಪನಿಯ ನಾಗಭೂಷಣ ಅದನ್ನು ಅಳಿಸಿ, “ಪದರವನ್ನು ತೋರಿಸಲು, ಮುಚ್ಚಲು ಈ ಬಟನ್” ಎಂದಷ್ಟೇ ಉಳಿಸಿದ.

“ಮೇಡಂ, ಇದನ್ನ ಓದೋದು ಮನುಷ್ಯರಲ್ಲ. ಅದಕ್ಕೆ ಕಥೆ ಯಾಕಂಡಿ?” ಎಂದ ಫೋನಿನಲ್ಲಿ.

“ಮನುಷ್ಯರಾಗಿದ್ರ ಬರೀತಿದ್ದಿಲ್ಲ. ಅವರಿಗೆ ಗೊತ್ತಿರ್ತೈತಿ. ಇದಕ್ಕ ಗೊತ್ತಿಲ್ಲಂತನ ಬರ್ದೀನಿ.”

ಆತ ನಕ್ಕು ಫೋನಿಟ್ಟ.

ಏಜೆಂಟ್ ಅಂಗಡಿಗೆ ಬಂದ ಕೆಲ ದಿನಕ್ಕೆ ಹತ್ತಿ ವ್ಯಾಪಾರಿ ಸೋಮಶೇಖರಪ್ಪ ವರ್ತಕರ ಸಂಘಕ್ಕೆ ಅಧ್ಯಕ್ಷರಾದರು. “ಸಾವ್ಕಾರ್ರ ಫೋಟೊಕ್ಕ ಹೂವು ಭರ್ಜರಿ ಇರ್ಲಿ” ಎಂದು ಗೆಳೆಯರು ಅಂಗಡಿಗೆ ಆರ್ಡರ್ ಕಳಿಸಿದರು. ಏಜೆಂಟ್ ಫೈಲಿನಲ್ಲಿ ಹುಡುಕಿತು, ಹೂವು ಸಿದ್ಧವಾಗೇ ಇತ್ತು, ತೆರೆಯಿತು. ಪ್ರತಿಮಾ ಅಂದು ತವರಿನಲ್ಲಿದ್ದಳು. ವಾಗೀಶ ಚಹಾದ ಲೋಟದಿಂದ ಕಣ್ಣೆತ್ತದೆ ಪ್ರಿಂಟ್ ಒತ್ತಿದ. ಮರುದಿನ ಬೆಳಿಗ್ಗೆ ಮಾರ್ಕೆಟ್ ಯಾರ್ಡಿನ ಬಾಗಿಲಲ್ಲಿ ಸೋಮಶೇಖರಪ್ಪ ಫೋಟೊ ಸುತ್ತ ಹಾರ, ಪಕ್ಕಕ್ಕೆ ದೀಪ, ಕೆಳಗೆ ‘ಹಾರ್ದಿಕ ಅಭಿನಂದನೆಗಳು’ ಎಂಬ ಅಕ್ಷರಗಳ ಜೊತೆ ತೂಗುತ್ತಿದ್ದರು.

ಬ್ಯಾನರಿನ ಚಿತ್ರವನ್ನು ಫೋನಿನಲ್ಲಿ ಕಂಡ ಎಮ್ಮಿಗನೂರಿನ ನೆಂಟರು, ಸಾವೆಂದುಕೊಂಡು, ಹೂವಿನ ಹಾರ ಹಿಡಿದೇ ಅವರ ಮನೆಗೆ ಬಂದಿಳಿದರು. ಸೋಮಶೇಖರಪ್ಪನವರ ಹೆಂಡತಿ ಕೊಟ್ರಮ್ಮ ಬಾಗಿಲಿಗೆ ಅಡ್ಡ ನಿಂತರು. “ಯಾರಿಗಿದು? ಒಳಗ ಕುಂತು ಉಗ್ಗಾಣಿ ತಿನ್ನಾಕತ್ತಾರ. ಹಾಕೋದಿದ್ರ ಹೋಗಿ ಹಾಕ್ರಿ!”

ವಾಗೀಶ ಯಾರ್ಡಿಗೆ ಓಡಿ ಬ್ಯಾನರ್ ಇಳಿಸಿದ. ನೆರೆದವರ ಮುಂದೆ, “ನಮ್ಮ ಪ್ರತಿಮಾ ಕೈಪಿಡಿ ತಪ್ಪು ಬರ್ದಾಳ” ಎಂದ. ಕೇಳಿದವರಿಗೆ ನಾಗಭೂಷಣನೂ ಅದನ್ನೇ ಹೇಳಿದ. ಕೈಪಿಡಿಯ ಮೇಲೆ ಆಕೆಯ ಹೆಸರಿತ್ತಲ್ಲ. ಬರೆದ ಮಾತನ್ನು ಕಿತ್ತು, ಹೆಸರನ್ನು ಮಾತ್ರ ಉಳಿಸಿಕೊಂಡಿದ್ದರು.

ಮದ್ದಿಕೇರದಿಂದ ಬಂದಿಳಿದವಳನ್ನು ಆಟೊದ ಮಾರೆಣ್ಣ ಕೇಳಿದ: “ಏನವ್ವಾ, ಬದುಕಿದೋರಿಗೇ ಹಾರ ಹಾಕ್ಸಿದಿಯಂತ?”

ಪ್ರತಿಮಾಳ ಕಿವಿ ಬಿಸಿಯಾಯಿತು. ಈ ಊರಿನಲ್ಲಿ ಈ ಮಾತು ನಿಂತುಬಿಟ್ಟರೆ ಇನ್ನು ಯಾರೂ ತಮ್ಮ ಮನೆಯವರ ಫೋಟೊವನ್ನು ಆಕೆಯ ಕೈಗೆ ಕೊಡುವುದಿಲ್ಲ. ಮನೆಗೂ ಹೋಗದೆ ಅಂಗಡಿಗೆ ಹೋಗಿ, ವಾಗೀಶನನ್ನು ಎಬ್ಬಿಸಿಕೊಂಡು ಸೋಮಶೇಖರಪ್ಪನವರ ಮನೆಗೆ ನಡೆದಳು.

ಅವರು ಇಬ್ಬರನ್ನೂ ನಿಲ್ಲಿಸಿಯೇ ಕೇಳಿದರು. “ನನ್ನ ಹಾರ ಯಾವಾಗ ಮಾಡಿಟ್ಟಿದ್ರಿ?”

“ನಿಮಗ ಹಾರ್ಟ್ ಆಪರೇಷನ್ ಆತಲ್ರಿ, ಆಗ,” ಎಂದಳು ಪ್ರತಿಮಾ. “ಮಾಡಿದ್ದು ನಾನ. ಮುಚ್ಚಿಟ್ಟಿದ್ದು ನಾನ. ತೆರೀಬ್ಯಾಡ ಅಂತ ಬರ್ದಿದ್ದೂ ನಾನ. ಅದನ್ನ ಅಳಿಸಿದ್ದು ಕಂಪನ್ಯಾಗಿನ ನಾಗಭೂಷಣ. ನೋಡ್ಲಾರ್ದ ಪ್ರಿಂಟ್ ಒತ್ತಿದ್ದು ಇವ್ರು.”

“ಏಜೆಂಟ್ ಮಾಡಿದ್ದು ಸಾವ್ಕಾರ್ರ...” ವಾಗೀಶ ತೊದಲಿದ.

“ಹಮಾಲ ಹತ್ತಿ ಅಂಡಿಗಿ ತಪ್ಪು ಲಾರಿಗೆ ಏರಿಸಿದ್ರ, ಲಾರಿ ಬಿಡೋ ಮುಂದ ನಾ ನೋಡಂಗಿಲ್ಲೇನು? ಇಷ್ಟಗಲ ಮುಖ ನಿನಗ ಕಾಣ್ಲಿಲ್ಲ?”

“ಕಂಡಿರ್ತೈತಿ,” ಕೊಟ್ರಮ್ಮ ಒಳಗಿನಿಂದ ಹೇಳಿದರು. “ಹಾರದಾಗ ಚಂದ ಕಾಣ್ತಾರ ಅಂದ್ಕೊಂಡಿರ್ಬೇಕು.”

ಸೋಮಶೇಖರಪ್ಪ ನಗಲಿಲ್ಲ. ನಾಗಭೂಷಣನಿಗೆ ಫೋನ್ ಹಚ್ಚಿಸಿದರು. ಅವನು ಮೆತ್ತಗೆ, “ಆ ಸಾಲು ಒಂಚೂರು ಸಣ್ಣದು ಮಾಡಿ ಹಾಕ್ತೀವಿ ಸರ್,” ಎಂದ.

“ಕಾರಣ ಸಮೇತ ಪೂರಾ ಹಾಕ್ರಿ,” ಎಂದಳು ಪ್ರತಿಮಾ. “ಇಲ್ಲಾಂದ್ರ ನನ್ನ ಹೆಸರು ತೆಗೀರಿ. ಎರಡರಾಗ ಒಂದು.”

ಪೂರಾ ಹಾಕಲು ಆತ ಒಪ್ಪಿದ. ಮುಗಿಯಿತೆಂದು ವಾಗೀಶ ಬಾಗಿಲತ್ತ ತಿರುಗಿದ. ಪ್ರತಿಮಾ ಕದಲಲಿಲ್ಲ.

“ಯಾರ್ಡಿನಾಗ ನನ್ನ ಹೆಸರು ಹೇಳೀರಿ. ಅಲ್ಲೇ ನಿಂತು ಖರೇ ಏನಂತ ಹೇಳ್ಬೇಕು.”

ಮರುದಿನ ಹೊಸ ಬ್ಯಾನರ್ ಕಟ್ಟುವಾಗ ವರ್ತಕರು, ಹಮಾಲರು ಸೇರಿದ್ದರು. ಹಗ್ಗದ ಒಂದು ತುದಿ ಪ್ರತಿಮಾಳ ಕೈಯಲ್ಲಿತ್ತು.

“ಏನೋ ಸಾಫ್ಟ್‌ವೇರ್ ಮಿಸ್ಟೇಕ್ ಆತು...” ಎಂದು ಶುರುಮಾಡಿದ ವಾಗೀಶ.

“ಅದು ಆಮೇಲ. ಪ್ರಿಂಟ್ ಒತ್ತಿದ್ದು ಯಾರು?”

“ನಾನ. ನೋಡ್ಲಾರ್ದ ಒತ್ತಿದೆ. ಆಕಿದೇನೂ ತಪ್ಪಿಲ್ಲ.”

“ಹಿಂದಿನೋರಿಗೆ ಕೇಳ್ಲಿಲ್ಲೋ,” ಎಂದರು ಸೋಮಶೇಖರಪ್ಪ.

ವಾಗೀಶ ಇನ್ನೊಮ್ಮೆ, ಕೂಗಿ ಹೇಳಿದ. ಆಮೇಲಷ್ಟೇ ಪ್ರತಿಮಾ ತನ್ನ ತುದಿಯನ್ನು ಕಂಬಕ್ಕೆ ಬಿಗಿದಳು.