ದುರ್ಗಮ್ಮನ ಮೂರಡಿ ನೀರು

ಬೆಳಗಿನ ಆರೂಕಾಲು. ಶಿರಸಿ ಪೇಟೆಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಜಟ್ಟಪ್ಪನವರ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಬಕೆಟ್ಟಿನ ನೀರಿಗೆ ಮೂಗು ಹಚ್ಚಿದ್ದಾರೆ. ಒಮ್ಮೆ ಮೂಸುತ್ತಾರೆ, ಕೈಯಾಡಿಸುತ್ತಾರೆ, ಮತ್ತೊಮ್ಮೆ ಮೂಸುತ್ತಾರೆ. ನಿನ್ನೆ ಬೆಳಿಗ್ಗೆಯೇ ಹಿಡಿದಿಟ್ಟ ನಳದ ನೀರು, ಒಟ್ಟು ಎಂಟು ಬಕೆಟ್. ಬ್ಲೀಚಿಂಗ್ ಪುಡಿಯ ವಾಸನೆ ಹೋಗಿದೆಯೆಂದು ಖಾತ್ರಿಯಾದ ಮೇಲೆ 'ಅಡ್ಡಿಲ್ಲ' ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಬಕೆಟ್ಟಿಗೆ ಸರಿಯುತ್ತಾರೆ. ಪಕ್ಕದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದು ಖಾಲಿ ಕೂತಿದೆ.

ಕಾನಸೂರಿನ ದುರ್ಗಮ್ಮನಿಗೆ ಈಗ ನಲವತ್ತೇಳು ವರ್ಷ. ಮೀನಿನ ತೊಟ್ಟಿ ತೊಳೆಯುವುದೇ ಅವರ ಕೆಲಸ. ಮೊದಲ ಬಸ್ಸಿಗೆ ಬಂದರೆ ಮಧ್ಯಾಹ್ನದ ಬಸ್ಸಿಗೆ ವಾಪಸು. ದವಾಖಾನೆ, ಲಾಡ್ಜು, ಮನೆಗಳೆಲ್ಲ ಸೇರಿ ಹದಿನಾಲ್ಕು ತೊಟ್ಟಿ, ಮೂವತ್ತೊಂದು ಬಂಗಾರದ ಮೀನು. ವಾರಕ್ಕೆ ಅರವತ್ತಕ್ಕೂ ಹೆಚ್ಚು ಬಕೆಟ್ ನೀರು ಅವರ ಕೈಯಲ್ಲಿ ಏರಿಳಿಯುತ್ತದೆ. ಬೆರಳ ಸಂದಿಯ ಚರ್ಮ ಬೆಳ್ಳಗೆ ನೆನೆದೇ ಇರುತ್ತದೆ. ಮಗ್ಗುಲ ಮನೆಯವರು 'ಮೀನಿನ ಸೂಲಗಿತ್ತಿ' ಎಂದು ಚೇಷ್ಟೆ ಮಾಡಿದರೆ, ಸೂಲಗಿತ್ತಿಗಾದರೆ ಬಾಣಂತನದ ಊಟ ಸಿಗುತ್ತದೆ, ತನಗೆ ಅದೂ ಇಲ್ಲ ಎಂದು ನಗುತ್ತಾರೆ.

ಇವತ್ತು ಮಾತ್ರ ನಗು ಇಲ್ಲ. ಜಟ್ಟಪ್ಪನವರ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಉರುಟು ಗಾಜಿನ ಬುರುಡೆಯಿದೆ. ಅದರೊಳಗಿನ ಮೀನು ಮೂರು ವರ್ಷದಲ್ಲಿ ಗೇಣುದ್ದದ ಹತ್ತಿರ ಬೆಳೆದಿದೆ. ಹೋದ ವಾರದಿಂದ ಮೇಲೆ ಬಂದು ಬಾಯಿ ಕಳೆಯುತ್ತಿದೆ, ಬಾಲದ ಅಂಚು ಹರಿದಿದೆ. ದೊಡ್ಡ ತೊಟ್ಟಿಗೆ ಹಾಕಿ ಎಂದು ದುರ್ಗಮ್ಮ ಎಂಟು ತಿಂಗಳಿಂದ ಹೇಳುತ್ತ ಬಂದಿದ್ದಾರೆ. ಕೆಲಸ ಬಿಟ್ಟು ಸಿಟ್ಟು ತೋರಿಸೋಣವೆಂದರೆ ಆ ಸಿಟ್ಟಿಗೆ ಸಾಯುವುದು ಮೀನೇ. ಕೊನೆಗೆ ತಾವು ಮೀನು ನೋಡಿಕೊಳ್ಳುವ ದವಾಖಾನೆಯ ಹಲ್ಲಿನ ಡಾಕ್ಟರರ ಹಿತ್ತಿಲಲ್ಲಿ ಬಿದ್ದಿದ್ದ ಸೋರುವ ತೊಟ್ಟಿ ಕೇಳಿ ತಂದು, ಮೂಲೆಗೆ ಗೋಂದು ಮೆತ್ತಿ, ಒಂದು ವಾರ ಅಂಗಳದಲ್ಲಿ ನೀರು ನಿಲ್ಲಿಸಿ ನೋಡಿದ್ದಾರೆ. ಜಟ್ಟಪ್ಪ ಇವತ್ತೂ ಒಪ್ಪದಿದ್ದರೆ ಆ ಮೀನು ಈ ವಾರ ದಾಟುವುದಿಲ್ಲ. ಅದು ಅವರಿಗೆ ಗೊತ್ತು.

ಇದು ಯಾರೂ ಕಲಿಸಿದ ವಿದ್ಯೆಯಲ್ಲ. ಗಂಡ ತೀರಿಕೊಂಡ ಮೇಲೆ, ತೊಂಬತ್ತಾರನೇ ಇಸವಿಯಲ್ಲಿ, ಅಕ್ಕನ ಊರಾದ ಮತ್ತಿಘಟ್ಟಕ್ಕೆ ಹೋಗಿ ಸುಬ್ಬಲಕ್ಷ್ಮಿ ಎಂಬ ಹಿರಿಯರ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಆ ಮನೆಯ ಮೊಮ್ಮಗಳು ನಮಿತಾ ಪೇಟೆಯಿಂದ ಎರಡು ಮೀನು ತಂದಳು. ಮತ್ಸ್ಯಾವತಾರವೇ ಮನೆಗೆ ಬಂದಂತೆ ಎಂದು ಸುಬ್ಬಲಕ್ಷ್ಮಮ್ಮ ಹಿಗ್ಗಿದರು. ದೇವರಿಗೆ ಎಂಥ ನೀರೋ ಮೀನಿಗೂ ಅಂಥದೇ ಆಗಬೇಕು ಎಂದರು. ಹುಳಿ ಹಚ್ಚಿ ಫಳಫಳ ಬೆಳಗಿದ ತಾಮ್ರದ ಹಂಡೆ, ಅದರಲ್ಲಿ ಬಾವಿಯ ಮೊದಲ ಕೊಡ. ದುರ್ಗಮ್ಮ ಭಕ್ತಿಯಿಂದಲೇ ಸುರಿದರು. ಮಾರನೇ ದಿನ ಎರಡೂ ಹೊಟ್ಟೆ ಮೇಲೆ. ಮತ್ತೊಂದು ಜೋಡಿ ಬಂತು, ಅದೂ ಹಾಗೆಯೇ ಹೋಯಿತು. ದೃಷ್ಟಿ ತಾಗಿತೆಂದು ನಿವಾಳಿಸಿದ್ದೂ ಆಯಿತು.

ಮೂರನೇ ಜೋಡಿ ಬಂದಾಗ ಹಂಡೆ ಸೋರಿ ರಿಪೇರಿಗೆ ಹೋಗಿತ್ತು. ಪ್ಲಾಸ್ಟಿಕ್ ಬಕೆಟ್ಟಿನ ನೀರಲ್ಲಿ ಮೀನು ಬದುಕಿದವು. ಹಂಡೆ ಮರಳಿ ಬಂದ ದಿನ ದುರ್ಗಮ್ಮ ಅದರ ನೀರು ಹಾಕಲಾರೆ ಎಂದುಬಿಟ್ಟರು. ತಾಮ್ರಕ್ಕೆ ದೋಷ ಹೇಳುವುದೆಂದರೆ ಆ ಮನೆಯಲ್ಲಿ ಸಣ್ಣ ಮಾತಲ್ಲ.

"ಎಂತದೇ ದುರ್ಗಿ, ಆನು ನಲವತ್ತು ವರ್ಷದಿಂದ ಇದೇ ಹಂಡೆ ನೀರು ಕುಡಿತೆ. ಎಂಗೆ ಎಂತೂ ಆಯ್ದಿಲ್ಲೆ" ಎಂದರು ಸುಬ್ಬಲಕ್ಷ್ಮಮ್ಮ, ತನಗೇನೂ ಆಗಿಲ್ಲವಲ್ಲ ಎಂಬಂತೆ.

"ನೀವು ಕುಡಿದು ಚೊಂಬು ಕೆಳಗಿಡ್ತ್ರಿ ಅಮ್ಮಾ. ಮೀನು ಆ ನೀರೊಳಗೇ ಇರ್ತದೆ."

ಮುದುಕಿ ಪ್ಲಾಸ್ಟಿಕ್ ಬಕೆಟ್ಟನ್ನು ತಾವೇ ಬಾವಿಕಟ್ಟೆಗೆ ಒಯ್ದರಂತೆ. ಅವರ ಅಣ್ಣನ ಮಗನೇ ಈ ತೊಟ್ಟಿ ಕೊಟ್ಟ ಹಲ್ಲಿನ ಡಾಕ್ಟರು. ತಮ್ಮ ದವಾಖಾನೆಯ ಮೀನು ನೋಡಿಕೊಳ್ಳಲು ದುರ್ಗಮ್ಮನನ್ನು ಅವರು ಶಿರಸಿಗೆ ಕರೆದರು. ಒಂದು ತೊಟ್ಟಿ ಹೋಗಿ ಹದಿನಾಲ್ಕಾಗಿದ್ದು ಹೀಗೆ.

ಏಳೂವರೆಗೆ ಜಟ್ಟಪ್ಪ ಬರುತ್ತಾರೆ. ಬನವಾಸಿ ಕಡೆಯ ಗಟ್ಟಿ ದನಿಯ ಮನುಷ್ಯ. ಕಟ್ಟೆಯ ಮೇಲಿನ ತೊಟ್ಟಿ ಕಂಡು ಹುಬ್ಬು ಗಂಟಿಕ್ಕುತ್ತಾರೆ. ವಾಸ್ತು ನೋಡಿದವರು ಉರುಟಾದದ್ದೇ ಇಡಬೇಕು ಎಂದಿದ್ದಾರೆ, ಬೇಕಾದರೆ ದಿನಾ ನೀರು ಬದಲಿಸು ಎನ್ನುತ್ತಾರೆ. ನೀರು ಬದಲಿಸಿದರೆ ಹೊಲಸು ಹೋಗುತ್ತದೆ, ಇಕ್ಕಟ್ಟು ಹೋಗುವುದಿಲ್ಲ ಎಂದು ದುರ್ಗಮ್ಮ ಹೇಳುತ್ತಾರೆ. ಬುರುಡೆ ಅಲ್ಲೇ ಇರಲಿ, ಅದರಲ್ಲಿ ಹೂವು ತೇಲಿಬಿಡಿ ಎಂದೂ ಹೇಳುತ್ತಾರೆ. ಜಟ್ಟಪ್ಪ ಬೀಗ ತೆಗೆದು ಒಳಗೆ ನಡೆಯುತ್ತಾರೆ.

ದುರ್ಗಮ್ಮ ಹಿಂದೆಯೇ ಹೋಗಿ ಮೇಜಿನ ಮೇಲಿನ ಮೀಟರ್ ಕಡ್ಡಿ ಎತ್ತಿ ಅವರ ಕೈಗೆ ಕೊಡುತ್ತಾರೆ. "ಅಳೀರಿ ಸಾವ್ಕಾರ್ರೆ. ಮೀನು ಎಷ್ಟು, ಗಾಜು ಎಷ್ಟು, ನೀವೇ ಹೇಳಿ."

"ನನಗ ಅಳತಿ ಕಲಸ್ತೀಯೇನವ್ವಾ?" ಎನ್ನುತ್ತಲೇ ಜಟ್ಟಪ್ಪ ಕಡ್ಡಿಯನ್ನು ಗಾಜಿಗೆ ಹಿಡಿಯುತ್ತಾರೆ. ಮೀನು ಏಳಿಂಚು. ಬುರುಡೆಯ ಹೊಟ್ಟೆ ಹತ್ತಿಂಚು. ಇನ್ನೊಮ್ಮೆ ಅಳೆಯುತ್ತಾರೆ. ಅಷ್ಟರಲ್ಲಿ ಮೀನು ತಿರುಗಲು ಹೋಗಿ ಬಾಲ ಗಾಜಿಗೆ ಉಜ್ಜುತ್ತದೆ.

"ಈ ಅಳತೆಗೆ ಯಾರಿಗಾದ್ರೂ ಅಂಗಿ ಬಟ್ಟೆ ಹರಿದು ಕೊಡ್ತ್ರಾ?" ದುರ್ಗಮ್ಮ ಮೆಲ್ಲಗೆ ಕೇಳುತ್ತಾರೆ.

ಜಟ್ಟಪ್ಪ ಕಡ್ಡಿ ಕೆಳಗಿಟ್ಟು, ಗೋಡೆ ಪಕ್ಕದ ಗಟ್ಟಿ ಮೇಜಿನ ಮೇಲಿದ್ದ ಲುಂಗಿಯ ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಬೇರೆಡೆ ಇಡತೊಡಗುತ್ತಾರೆ.

ತೊಟ್ಟಿ ಒಳಗೆ ಬರುತ್ತದೆ. ದುರ್ಗಮ್ಮ ಚೀಲದಿಂದ ಜಲ್ಲಿಕಲ್ಲು ತೆಗೆದು ತಳಕ್ಕೆ ಹರಡುತ್ತಾರೆ. ದವಾಖಾನೆಯ ಹಳೆಯ ತೊಟ್ಟಿಯ ಕಲ್ಲು, ಪಾಚಿ ಹಿಡಿದದ್ದು. ಹೊಲಸಲ್ಲವೇ ಎಂದು ಜಟ್ಟಪ್ಪ ಕೇಳಿದರೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು, ಬರೀ ಹೊಸ ನೀರು ಮೀನಿಗೆ ಒಗ್ಗುವುದಿಲ್ಲ ಎಂಬ ವಿವರಣೆ. ಮುಂದೆಯೂ ಪೂರ್ತಿ ನೀರು ತೆಗೆಯುವ ಹಾಗಿಲ್ಲ, ವಾರಕ್ಕೆ ಮೂರರಲ್ಲಿ ಒಂದು ಪಾಲು ಸಾಕು. ಆಮೇಲೆ ಎಂಟು ಬಕೆಟ್ ನೀರು, ಬುರುಡೆಯದೂ ಸ್ವಲ್ಪ. ಕೊನೆಗೆ ಬೋಗುಣಿಯಲ್ಲಿ ಮೀನು.

ಮೀನು ತೊಟ್ಟಿಯ ಒಂದು ಮೂಲೆಯಲ್ಲಿ, ಬುರುಡೆಯಷ್ಟೇ ಜಾಗದಲ್ಲಿ, ಗುಂಡಗೆ ಸುತ್ತುತ್ತದೆ. ಮತ್ತೆ ಸುತ್ತುತ್ತದೆ.

"ಇಷ್ಟ ಜಾಗಾ ಬಿಟ್ಟು ಅಲ್ಲೇ ತಿರಗತೈತಲ್ಲವ್ವಾ" ಎಂದು ಜಟ್ಟಪ್ಪ ಗಾಜಿಗೆ ಮೂಗು ತಾಗಿಸುತ್ತಾರೆ.

ಮೂರು ವರ್ಷದ ರೂಢಿ, ಒಂದು ಗಳಿಗೆಯಲ್ಲಿ ಬಿಡುತ್ತದೆಯೇ? ದುರ್ಗಮ್ಮ ಕಂಬಕ್ಕೆ ಒರಗಿ ನಿಲ್ಲುತ್ತಾರೆ. ದವಾಖಾನೆಯ ಹೊತ್ತು ಮೀರುತ್ತದೆ, ಲಾಡ್ಜಿನ ಹೊತ್ತೂ ಮೀರುತ್ತದೆ. ಗಿರಾಕಿಯೊಬ್ಬರು ಬಂದು ಏನು ನೋಡುತ್ತಿದ್ದೀರಿ ಎಂದು ಕೇಳಿ, ತಾವೂ ನೋಡುತ್ತ ನಿಲ್ಲುತ್ತಾರೆ. ಮುಕ್ಕಾಲು ತಾಸಿನ ಮೇಲೆ ಮೀನು ಸುತ್ತುವುದನ್ನು ನಿಲ್ಲಿಸಿ, ಬಾಲ ಒಮ್ಮೆ ಬೀಸಿ, ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗುತ್ತದೆ.

ದುರ್ಗಮ್ಮ ಬಕೆಟ್ಟುಗಳನ್ನು ಒಂದರೊಳಗೊಂದು ಸೇರಿಸುತ್ತಾರೆ. ಇಂಥ ಮೀನು ಎಷ್ಟು ವರ್ಷ ಬದುಕಬಹುದು ಎಂದು ಜಟ್ಟಪ್ಪ ಕೇಳುತ್ತಾರೆ.

"ಹತ್ತು ಹದಿನೈದು ವರ್ಷ ಅಂತ ಡಾಕ್ಟ್ರು ಪುಸ್ತಕ ನೋಡಿ ಹೇಳಿದ್ರು. ನಾ ಕಂಡಿಲ್ಲ. ಹೊಲಸಿಗೆ ಸತ್ತದ್ದು ಕಂಡಿದ್ದೆ, ಇಕ್ಕಟ್ಟಿಗೆ ಸತ್ತದ್ದು ಕಂಡಿದ್ದೆ." ಸೆರಗಿಗೆ ಕೈ ಒರೆಸಿಕೊಂಡು ದುರ್ಗಮ್ಮ ಮೆಟ್ಟಿಲಿಳಿಯುತ್ತಾರೆ. "ನನ್ನ ಕೈಯಾಗೆ ಒಂದಾದ್ರೂ ವಯಸ್ಸಾಗಿ ಸಾಯ್ಬೇಕು. ಅಷ್ಟೇಯ."